ಇಮೇಲ್ ಸ್ಪ್ಯಾಮ್ ಕಡಿಮೆ ಮಾಡೋದಕ್ಕೆ ಬಳಸೋರು ನಾವೇನು ಮಾಡಬಹುದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯ ಒಂದು ಹೈಸ್ಕೂಲಿನ ಹಳೆ ವಿದ್ಯಾರ್ಥಿ ಸಂಘದ ಪತ್ರವ್ಯವಹಾರ ನಾನು ನೋಡಿಕೊಳ್ಳುತ್ತೇನೆ. ಮುನ್ನೂರು ಚಿಲ್ಲರೆ ಸದಸ್ಯರಿದ್ದಾರೆ, ಅರ್ಧಕ್ಕಿಂತ ಜಾಸ್ತಿ ಜನ ಅರವತ್ತು ದಾಟಿದವರು. ವಾಟ್ಸಾಪ್ ಗ್ರೂಪ್ ಇದೆ. ಆದರೂ ಸಭೆಯ ನೋಟಿಸು, ಲೆಕ್ಕಪತ್ರ ಇಮೇಲಿನಲ್ಲೇ ಹೋಗಬೇಕು ಅನ್ನೋದು ನಮ್ಮ ರೂಢಿ.

ಈ ವರ್ಷ ಎರಡು ತೊಂದರೆ ಒಟ್ಟಿಗೆ ಶುರುವಾಗಿವೆ. ಸದಸ್ಯರಿಗೆ ಸ್ಪ್ಯಾಮ್ ವಿಪರೀತ ಬರುತ್ತಿದೆ. ಸಾಲ, ಲಾಟರಿ, ಮಂಡಿನೋವಿನ ಎಣ್ಣೆ, "ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ" ಇಂಥವು. ಅದರ ಜೊತೆಗೆ ನಾವು ಕಳಿಸೋ ನೋಟಿಸೇ ಕೆಲವರ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತಿದೆ. ವಾರ್ಷಿಕ ಸಭೆಗೆ ಬಾರದ ಹಿರಿಯರೊಬ್ಬರು "ನನ್ನನ್ನು ಕರೆಯಲೇ ಇಲ್ಲ" ಅಂತ ಬೇಜಾರು ಮಾಡಿಕೊಂಡರು. ಅವರ ಫೋನ್ ತೆಗೆದು ನೋಡಿದರೆ ನಮ್ಮ ನೋಟಿಸು ಸ್ಪ್ಯಾಮ್‌ನಲ್ಲಿ, ಯಾವುದೋ ಪರ್ಸನಲ್ ಲೋನ್ ಜಾಹೀರಾತಿನ ಕೆಳಗೆ ಕೂತಿತ್ತು.

ಫಿಲ್ಟರ್ ಹಾಕೋದು ಕಂಪನಿಗಳ ಕೆಲಸ, ಒಪ್ಪಿದೆ. ಆದರೆ ಬಳಸೋರು ನಾವು ಮಾಡಬಹುದಾದ್ದು ಏನೂ ಇಲ್ವಾ? ಸದಸ್ಯರಿಗೆ ಒಂದು ಪುಟದ ಸೂಚನೆ ಬರೆದು ಕೊಡಬೇಕು ಅಂತಿದ್ದೇನೆ. ಗೊತ್ತಿರೋರು ಹೇಳಿ.

ಬೆಣ್ಣೆದೋಸೆ:
ಏನೂ ಮಾಡೋ ಹಾಗಿಲ್ಲ ಸಾರ್. ಡಿಲೀಟ್ ಮಾಡಿ ಮುಂದೆ ಹೋಗ್ತಾ ಇರಬೇಕು. ಇಷ್ಟು ದೊಡ್ಡ ಕಂಪನಿಗಳ ಕೈಯಲ್ಲೇ ಆಗದ್ದು ನಮ್ಮ ಕೈಯಲ್ಲಿ ಆಗುತ್ತಾ?

ಸರ್ವರ್‌ಮನೆ:
@ಬೆಣ್ಣೆದೋಸೆ ಇದನ್ನು ಮಾತ್ರ ನಾನು ಒಪ್ಪಲ್ಲ. ಪೀಣ್ಯದ ಒಂದು ಸಣ್ಣ ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳೋದು ನನ್ನ ಕೆಲಸ. ಇನ್‌ಬಾಕ್ಸಿಗೆ ಬಂದ ಸ್ಪ್ಯಾಮನ್ನು ಸುಮ್ನೆ ಡಿಲೀಟ್ ಮಾಡಿದರೆ ಅದು ಸ್ಪ್ಯಾಮ್ ಅಂತ ಫಿಲ್ಟರಿಗೆ ಹೇಳಿದ ಹಾಗೆ ಆಗಲ್ಲ. ಓದಿ ಮುಗಿಸಿ ಅಳಿಸಿದಿರಿ ಅಂತಲೂ ಅಂದುಕೊಳ್ಳಬಹುದು. "ರಿಪೋರ್ಟ್ ಸ್ಪ್ಯಾಮ್" ಒತ್ತಿದರೆ ಮಾತ್ರ ಆ ಕಳಿಸಿದವರ ಡೊಮೇನ್ (ವಿಳಾಸದಲ್ಲಿ @ ನಂತರದ ಹೆಸರು), ಐಪಿ (ಕಳಿಸಿದ ಕಂಪ್ಯೂಟರಿನ ಇಂಟರ್ನೆಟ್ ಸಂಖ್ಯೆ), ಒಳಗಿನ ಲಿಂಕ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಹಾಗೆ ಒತ್ತಿದವರು ಹೆಚ್ಚಾದ ಹಾಗೆ ಅದೇ ಮೇಲ್ ಬೇರೆಯವರ ಇನ್‌ಬಾಕ್ಸಿಗೆ ಹೋಗೋದು ನಿಲ್ಲುತ್ತದೆ.

ಇದರಷ್ಟೇ ಮುಖ್ಯವಾದ್ದು ಇನ್ನೊಂದಿದೆ, ಅದನ್ನು ಯಾರೂ ಮಾಡಲ್ಲ. ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಒಳ್ಳೆಯ ಮೇಲ್ ಹುಡುಕಿ "ನಾಟ್ ಸ್ಪ್ಯಾಮ್" ಒತ್ತೋದು. ಜಿಮೇಲ್‌ನಲ್ಲಿ ಸ್ಪ್ಯಾಮ್ 30 ದಿನಕ್ಕೆ ತಾನಾಗೇ ಅಳಿಸಿ ಹೋಗುತ್ತದೆ. ಅಷ್ಟರೊಳಗೆ ನೋಡಬೇಕು. ನಿಮ್ಮ ಹಿರಿಯ ಸದಸ್ಯರು ಆ ನೋಟಿಸಿನ ಮೇಲೆ "ನಾಟ್ ಸ್ಪ್ಯಾಮ್" ಒತ್ತಿ, ಸಂಘದ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿಕೊಂಡರೆ ಮುಂದಿನದು ಇನ್‌ಬಾಕ್ಸಿಗೆ ಬರೋ ಸಾಧ್ಯತೆ ತುಂಬಾ ಜಾಸ್ತಿ.

ಕಡಲತಡಿ:
ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳೋದು ಒಂದೇ: ಅನ್‌ಸಬ್‌ಸ್ಕ್ರೈಬ್ (ಇನ್ನು ಮೇಲ್ ಬೇಡ ಅನ್ನೋ ಲಿಂಕ್) ಒತ್ತಲೇಬೇಡಿ, ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯ ಇದ್ದಾನೆ ಅಂತ ಅವರಿಗೆ ಖಾತ್ರಿಯಾಗಿ ಇನ್ನೂ ಜಾಸ್ತಿ ಬರುತ್ತೆ. ತುಂಗಾತೀರ ಅವರೇ, ಇದನ್ನು ಸೂಚನೆಯಲ್ಲಿ ಮೊದಲು ಹಾಕಿ.

ಹೂವಿನಹಡಗಲಿ:
ಅದು ಹಳೇ ಮಾತು. ನಾನು ಹೋದ ತಿಂಗಳು ಕೂತು ಎಲ್ಲ ಅಂಗಡಿಗಳ ಮೇಲ್‌ಗೂ ಅನ್‌ಸಬ್‌ಸ್ಕ್ರೈಬ್ ಒತ್ತಿದೆ. ಈಗ ಇನ್‌ಬಾಕ್ಸ್ ಖಾಲಿ ಖಾಲಿ.

ಕಡಲತಡಿ:
ಅಂಗಡಿಯದ್ದು ಬೇರೆ ಮೇಡಂ. ನಾನು ಹೇಳಿದ್ದು ಲಾಟರಿ, ಬಿಟ್‌ಕಾಯಿನ್ ಕಳ್ಳರ ಮೇಲ್ ಬಗ್ಗೆ.

ಸರ್ವರ್‌ಮನೆ:
ಇಬ್ಬರು ಹೇಳಿದ್ದೂ ಸರಿ, ಆದರೆ ಬೇರೆ ಬೇರೆ ಮೇಲ್‌ಗೆ. ನೀವೇ ಸಾಮಾನು ಕೊಂಡ ಅಂಗಡಿ, ನೀವೇ ಹೆಸರು ಕೊಟ್ಟ ಪತ್ರಿಕೆ, ಬ್ಯಾಂಕು: ಇವಕ್ಕೆ ಅನ್‌ಸಬ್‌ಸ್ಕ್ರೈಬ್ ಒತ್ತಿ. ಯಾರು ಅಂತಲೇ ಗೊತ್ತಿಲ್ಲದವರಿಗೆ ರಿಪೋರ್ಟ್ ಸ್ಪ್ಯಾಮ್. ಮೇಲ್‌ನ ಒಳಗೆ ಕೆಳಗಡೆ ಇರೋ ಲಿಂಕಿಗಿಂತ, ಜಿಮೇಲ್ ತಾನೇ ಮೇಲ್ಗಡೆ ಕಳಿಸಿದವರ ಹೆಸರಿನ ಪಕ್ಕ ತೋರಿಸೋ ಅನ್‌ಸಬ್‌ಸ್ಕ್ರೈಬ್ ಹೆಚ್ಚು ಸುರಕ್ಷಿತ. ಸಾಮಾನ್ಯವಾಗಿ ಅದನ್ನು ಒತ್ತಿದರೆ ನೀವು ಯಾವ ಸೈಟಿಗೂ ಹೋಗಬೇಕಾಗಿಲ್ಲ, ಕೋರಿಕೆಯನ್ನು ಜಿಮೇಲೇ ಕಳಿಸುತ್ತದೆ.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಜಾಸ್ತಿ ಮೇಲ್ ಕಳಿಸೋರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಇಟ್ಟಿರಬೇಕು. ಅಂದರೆ ಈ ಮೇಲ್ ನಿಜವಾಗಿ ಈ ಡೊಮೇನಿನಿಂದಲೇ ಬಂದಿದೆ ಅನ್ನೋದಕ್ಕೆ ಪುರಾವೆ ಇರಬೇಕು. ಜಾಹೀರಾತಿನ ಮೇಲ್ ಆದರೆ ಒಂದೇ ಒತ್ತಿಗೆ ಹೊರಬರೋ ಹಾಗಿರಬೇಕು. ಒತ್ತಿದ ಎರಡು ದಿನದೊಳಗೆ ಹೆಸರು ತೆಗೆಯಬೇಕು. ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3 ಮುಟ್ಟಬಾರದು. ಇನ್ನೊಮ್ಮೆ ಓದಿ: ಶೇ. 0.3! ಸಾವಿರದಲ್ಲಿ ಮೂರು ಜನ ಒತ್ತಿದರೆ ದೊಡ್ಡ ಕಂಪನಿಯ ಮಾರ್ಕೆಟಿಂಗ್‌ನವರಿಗೂ ಬಿಸಿ ಮುಟ್ಟುತ್ತದೆ. ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಹೇಗೆ ಹೇಳ್ತೀರಿ?

ಬೆಣ್ಣೆದೋಸೆ:
ಈ 0.3 ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೆ ಕಳ್ಳರು ಯಾವ ನಿಯಮ ಪಾಲಿಸ್ತಾರೆ? ಅವರಿಗೆ ಇದ್ಯಾವುದೂ ತಟ್ಟಲ್ಲ.

ಡಲ್ಲಾಸ್ ಕನ್ನಡಿಗ:
ಕಳ್ಳರಿಗೆ ತಟ್ಟೋದು ದುಡ್ಡು. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಟಾರ್ಮ್ ಅನ್ನೋ ಬಾಟ್‌ನೆಟ್ (ವೈರಸ್ ಹಿಡಿಸಿ ಕಳ್ಳರು ದೂರದಿಂದ ಆಡಿಸೋ ಕಂಪ್ಯೂಟರುಗಳ ಜಾಲ) ಒಳಗೆ ನುಗ್ಗಿ ಲೆಕ್ಕ ಹಾಕಿದ್ದರು. ಔಷಧಿ ಮಾರೋ ಸ್ಪ್ಯಾಮ್ ಸುಮಾರು 35 ಕೋಟಿ ಹೋಗಿದ್ದಕ್ಕೆ ಕೊಳ್ಳೋ ಹಂತದವರೆಗೂ ಬಂದವರು 28 ಜನ. ಬರೀ 28! ಕಳಿಸೋ ಖರ್ಚು ಹೆಚ್ಚುಕಡಿಮೆ ಸೊನ್ನೆ ಆದ್ದರಿಂದ ಅಷ್ಟರಲ್ಲೇ ಅವರ ವ್ಯಾಪಾರ ನಡೆಯುತ್ತದೆ. ಹಾಗಾಗಿ ಯಾರೂ ಏನೂ ಕೊಳ್ಳಬಾರದು, "ಏನಿದು ನೋಡೋಣ" ಅಂತ ಕೂಡ ಕ್ಲಿಕ್ ಮಾಡಬಾರದು. ಆ ಬೆರಳೆಣಿಕೆಯ ಗಿರಾಕಿಗಳಿಗೋಸ್ಕರ ಉಳಿದ ಕೋಟಿಗಟ್ಟಲೆ ಜನರಿಗೆ ಕಾಟ.

ಇಲ್ಲಿ ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಇದೆ. ಬೇಡ ಅಂದರೆ 10 ಕೆಲಸದ ದಿನದೊಳಗೆ ನಿಲ್ಲಿಸಬೇಕು, ಮೇಲ್‌ನಲ್ಲಿ ಅಂಚೆ ವಿಳಾಸ ಇರಬೇಕು. ಆದರೆ ಮೊದಲೇ ನಮ್ಮ ಒಪ್ಪಿಗೆ ಕೇಳಬೇಕಾಗಿಲ್ಲ, ಅದೇ ಅದರ ದೊಡ್ಡ ಕೊರತೆ. ಕೆನಡಾದಲ್ಲಿ 2014ರಿಂದ ಒಪ್ಪಿಗೆ ಬೇಕು.

ಹೂವಿನಹಡಗಲಿ:
ನಮ್ಮಲ್ಲಿ 1909ಕ್ಕೆ ಫೋನ್ ಮಾಡಿ ಡಿಎನ್‌ಡಿ (ಜಾಹೀರಾತಿನ ಕರೆ ಬೇಡ ಅನ್ನೋ ನೋಂದಣಿ) ಹಾಕಿಸಿದರೆ ಇಮೇಲೂ ನಿಲ್ಲುತ್ತಾ?

ವಕೀಲ_ಧಾರವಾಡ:
ಇಲ್ಲ. 1909 ದೂರಸಂಪರ್ಕ ನಿಯಂತ್ರಕ ಟ್ರಾಯ್‌ದು, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ. ಇಮೇಲ್ ಸ್ಪ್ಯಾಮಿಗೆ ಅಂತಲೇ ಪ್ರತ್ಯೇಕ ಕಾಯ್ದೆ ನಮ್ಮ ದೇಶದಾಗ ಇಲ್ಲ. ಐಟಿ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಮಾಡೋ, ಮೂಲ ಮರೆಮಾಚೋ ಇಮೇಲ್ ಬಗ್ಗೆ ಒಂದು ಭಾಗ ಇತ್ತು. ಇಡೀ 66ಎಯನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ವಾಕ್ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಆದರೆ ಆ ಜಾಗಕ್ಕೆ ಸ್ಪ್ಯಾಮ್ ತಡೆಯೋ ಬೇರೆ ಕಲಮು ಬರಲಿಲ್ಲ.

ಬೇರೆಯವರ ಸೋಗು ಹಾಕಿ ಮೋಸ ಮಾಡಿದರೆ 66ಡಿ ಇದೆ, ಮೂರು ವರ್ಷದ ತನಕ ಶಿಕ್ಷೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ವಾಪಸ್ ತಗೊಳ್ಳೋಕೂ ಆಗಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮುಖ್ಯ ಹೊಣೆಗಳು ಜಾರಿಯಾಗೋಕೆ ಅಲ್ಲಿಂದ 18 ತಿಂಗಳ ಗಡುವು ಇದೆ. ಇಮೇಲ್ ನಂಬಿ ದುಡ್ಡು ಕಳಕೊಂಡಿದ್ದರೆ ಮಾತ್ರ ತಡ ಮಾಡಬ್ಯಾಡ್ರಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ. ಮೊದಲ ಒಂದೆರಡು ತಾಸು ಬಹಳ ಮುಖ್ಯ.

ಬಿಸಿಬೇಳೆ:
ಡಿಎನ್‌ಡಿ ಹಾಕಿಸಿದ ಮೇಲೂ ನನಗೆ ದಿನಾ ಸೈಟ್ ಮಾರೋರ ಫೋನ್ ಬರುತ್ತೆ. ದೇವನಹಳ್ಳಿ ಹತ್ತಿರ ಸೈಟ್ ಬೇಕಾ ಅಂತ. ಅದರ ಬಗ್ಗೆ ಯಾರಾದರೂ ಹೇಳಿ ಮೊದಲು.

ಕಡಲತಡಿ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೇನೆ. ಇಲ್ಲಿ ಇಮೇಲ್ ವಿಷಯ ನಡೀಲಿ.

ಅಂಗಡಿಕಾರ_ಅರಸೀಕೆರೆ:
ನಮ್ಮ ಸೈಬರ್ ಸೆಂಟರಿನಲ್ಲಿ ದಿನಾ ನೋಡೋದನ್ನು ಹೇಳ್ತೀನಿ. ಸಿಇಟಿ, ಡಿಗ್ರಿ ಅಡ್ಮಿಷನ್ ಸಮಯದಲ್ಲಿ ಹುಡುಗರು ಸಾಲಾಗಿ ನಿಂತಿರ್ತಾರೆ. ಅರ್ಜಿಗೆ ಇಮೇಲ್ ಬೇಕು. ಎಷ್ಟೋ ಜನರ ಹತ್ತಿರ ಇರಲ್ಲ. "ಅಣ್ಣಾ, ನಿಮ್ದೇ ಹಾಕಿ" ಅಂತಾರೆ. ಕೆಲವು ಅಂಗಡಿಗಳಲ್ಲಿ ಒಂದೇ ಇಮೇಲನ್ನು ನೂರಾರು ಅರ್ಜಿಗೆ ಹಾಕ್ತಾರೆ. ಇಲ್ಲ ಅಂದರೆ ನಿಂತಲ್ಲೇ ಹೊಸದೊಂದು ಮಾಡಿ, ಹುಡುಗನ ಹೆಸರು ಮತ್ತು 123 ಪಾಸ್‌ವರ್ಡ್ ಇಟ್ಟು, ಚೀಟಿಯಲ್ಲಿ ಬರೆದು ಕೊಡ್ತಾರೆ. ಆ ಚೀಟಿ ಸಂಜೆಗೇ ಕಳೆದಿರುತ್ತೆ. ಮುಂದೆ ಆ ಇಮೇಲ್ ಯಾರೂ ನೋಡಲ್ಲ. ಪಾಸ್‌ವರ್ಡ್ ಊಹೆ ಮಾಡೋಕೆ ಒಂದು ನಿಮಿಷ ಬೇಡ. ಇಂಥ ಖಾತೆ ಕಳ್ಳರ ಕೈಗೆ ಸಿಕ್ಕರೆ ಅಲ್ಲಿಂದಲೇ ಸ್ಪ್ಯಾಮ್ ಹೋಗುತ್ತೆ, ಅದೂ ನಮ್ಮ ಊರಿನ ಹುಡುಗನ ಹೆಸರಲ್ಲಿ.

ನಾನು ಈಗ ಒಂದು ಪದ್ಧತಿ ಮಾಡಿದ್ದೀನಿ. ಇಮೇಲನ್ನು ಅವರ ಫೋನಿನಲ್ಲೇ, ಅವರ ಕೈಯಲ್ಲೇ ಮಾಡಿಸ್ತೀನಿ. ಪಾಸ್‌ವರ್ಡ್ ನನಗೆ ಹೇಳಬೇಡಿ ಅಂತೀನಿ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಫೋನಿನಲ್ಲೂ ಖಾತ್ರಿ ಕೇಳೋದು) ಹಾಕಿಸ್ತೀನಿ. ಅಂಗಡಿ ಕಂಪ್ಯೂಟರಿನಲ್ಲಿ ಯಾರೇ ಮೇಲ್ ತೆಗೆದರೂ ಇನ್‌ಕಾಗ್ನಿಟೊದಲ್ಲೇ (ಮುಚ್ಚಿದ ಮೇಲೆ ಲಾಗಿನ್ ಉಳಿಯದ ಕಿಟಕಿ) ತೆಗೀಬೇಕು. ಇದಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಹಿಂದೆ ನಿಂತವರು ಗೊಣಗ್ತಾರೆ. ಗೊಣಗಲಿ.

ಇನ್ನೊಂದು ಮಾತು. ಖಾಸಗಿ ಸೈಟುಗಳ ಅರ್ಜಿಯ ಕೊನೆಯಲ್ಲಿ ಒಂದು ಸಣ್ಣ ಚೌಕ ಇರುತ್ತೆ, "ನಮ್ಮ ಮತ್ತು ನಮ್ಮ ಪಾಲುದಾರರ ಆಫರ್ ಕಳಿಸಿ" ಅಂತ. ಮೊದಲೇ ಟಿಕ್ ಆಗಿರುತ್ತೆ. ಆ ಟಿಕ್ ತೆಗೆದು ಮುಂದೆ ಹೋಗಿ. ಆ "ಪಾಲುದಾರರು" ಯಾರು, ಎಷ್ಟು ಜನ ಅಂತ ಅಲ್ಲಿ ಎಲ್ಲೂ ಬರೆದಿರಲ್ಲ.

ಬೆಣ್ಣೆದೋಸೆ:
@ಅಂಗಡಿಕಾರ ನಿಮ್ಮಂಥವರು ಪ್ರತಿ ತಾಲೂಕಿಗೆ ಒಬ್ಬರು ಇರಬೇಕು. ನನ್ನ ಮೊದಲ ಮಾತು ವಾಪಸ್ ತಗೊಂಡೆ.

ನಿವೃತ್ತ ಬ್ಯಾಂಕಿಗ:
ಬೇರೆ ಥರದ ಒಂದು ದಾಳಿ ಇದೆ, ಹಿರಿಯರಿಗೆ ಇದು ಗೊತ್ತಿರಬೇಕು. ಇದ್ದಕ್ಕಿದ್ದಂತೆ ಅರ್ಧ ಗಂಟೆಯಲ್ಲಿ ನೂರಾರು "ನೋಂದಾಯಿಸಿದ್ದಕ್ಕೆ ಧನ್ಯವಾದ" ಮೇಲ್ ಬರೋದು. ಯಾವ್ಯಾವುದೋ ದೇಶದ, ಯಾವ್ಯಾವುದೋ ಭಾಷೆಯ ಸೈಟುಗಳದ್ದು. ನಮ್ಮ ಸಂಬಂಧಿಕರೊಬ್ಬರಿಗೆ ಹೀಗಾಯಿತು. ಅವರು ಒಂದೊಂದನ್ನೇ ಅಳಿಸುತ್ತಾ ಕೂತಿದ್ದರು. ಆ ರಾಶಿಯ ನಡುವೆ ಅವರ ಕಾರ್ಡಿನಲ್ಲಿ ಯಾರೋ ಸಾಮಾನು ಕೊಂಡಿದ್ದ ರಸೀದಿ ಇತ್ತು. ಆ ಒಂದು ಮೇಲ್ ಕಣ್ಣಿಗೆ ಬೀಳಬಾರದು ಅಂತಲೇ ಉಳಿದದ್ದನ್ನೆಲ್ಲ ಸುರಿಯೋದು. ಹೀಗೆ ಆದರೆ ಅಳಿಸೋ ಮೊದಲು ಬ್ಯಾಂಕ್ ಖಾತೆ, ಕಾರ್ಡು, ಆನ್‌ಲೈನ್ ಅಂಗಡಿಯ ಆರ್ಡರು ನೋಡಿ. ಅನುಮಾನ ಬಂದರೆ ಕಾರ್ಡ್ ಬ್ಲಾಕ್ ಮಾಡಿಸಿ.

ಬಿಸಿಬೇಳೆ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಅಮ್ಮನಿಗೆ ಈಗಲೇ ಹೇಳ್ತೀನಿ.

ನನ್ನದೊಂದು ಪ್ರಶ್ನೆ. ನನ್ನ ವಿಳಾಸದಿಂದ ನನಗೇ ಸ್ಪ್ಯಾಮ್ ಬಂದಿದೆ. ಖಾತೆ ಹ್ಯಾಕ್ ಆಗಿದೆಯಾ?

ಸರ್ವರ್‌ಮನೆ:
"ಸೆಂಟ್" ಫೋಲ್ಡರಿನಲ್ಲಿ ಅದು ಇದೆಯಾ ನೋಡಿ. ಹೊಸ ಜಾಗದಿಂದ ಲಾಗಿನ್ ಆಗಿದೆಯಾ ಅಂತಲೂ ನೋಡಿ. ಎರಡೂ ಇಲ್ಲ ಅಂದರೆ ಬಹುತೇಕ "ಫ್ರಮ್" ಜಾಗದಲ್ಲಿ ನಿಮ್ಮ ವಿಳಾಸ ಸುಳ್ಳು ಬರೆದಿದ್ದಾರೆ. ಲಕೋಟೆಯ ಹಿಂದೆ ಯಾರ ಹೆಸರನ್ನಾದರೂ ಬರೀಬಹುದಲ್ವಾ, ಹಾಗೆ. ಎಸ್‌ಪಿಎಫ್, ಡಿಕಿಮ್ ಬಂದಿದ್ದೇ ಇದನ್ನು ಪತ್ತೆ ಮಾಡೋಕೆ. ಈ ಕಾರಣಕ್ಕೇ ಸ್ಪ್ಯಾಮಿಗೆ ಸಿಟ್ಟಿನಿಂದ ಬೈದು ಉತ್ತರ ಬರೀಬೇಡಿ. ಅದು ಹೋಗೋದು ಏನೂ ಅರಿಯದ ಯಾರಿಗೋ.

ಮೈಸೂರ್‌ಪಾಕ್:
ಜಿಮೇಲ್‌ನಲ್ಲಿ ವಿಳಾಸದ @ಗಿಂತ ಮುಂಚೆ ಪ್ಲಸ್ ಹಾಕಿ ಅಂಗಡಿ ಹೆಸರು ಸೇರಿಸಿ ಕೊಡಿ. ಮೇಲ್ ನಿಮಗೇ ಬರುತ್ತೆ. ಒಂದು ಪೀಠೋಪಕರಣದ ಅಂಗಡಿಗೆ ಹಾಗೆ ಕೊಟ್ಟಿದ್ದೆ. ಸ್ವಲ್ಪ ದಿನಕ್ಕೆ ಅದೇ ಪ್ಲಸ್ ವಿಳಾಸಕ್ಕೆ ವಿಮೆಯವರ, ಸಾಲದವರ ಮೇಲ್ ಶುರುವಾಯಿತು. ಎಲ್ಲಿಂದ ಸೋರಿತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಆ ವಿಳಾಸಕ್ಕೆ ಫಿಲ್ಟರ್ ಹಾಕಿ ನೇರ ಕಸಕ್ಕೆ ಕಳಿಸಿದೆ.

ಡಲ್ಲಾಸ್ ಕನ್ನಡಿಗ:
ಪ್ಲಸ್ ನಂತರದ್ದನ್ನು ಕಿತ್ತುಹಾಕೋದು ಅವರಿಗೆ ಒಂದು ಸಾಲಿನ ಕೋಡ್. ಬೇರೆಯದೇ ವಿಳಾಸ ಮಾಡಿಕೊಟ್ಟು, ಅದಕ್ಕೆ ಬಂದದ್ದನ್ನು ನಿಮಗೇ ದಾಟಿಸೋ ಸೇವೆ ಇನ್ನೂ ಒಳ್ಳೆಯದು. ಆಪಲ್‌ನಲ್ಲಿ ಹೈಡ್ ಮೈ ಇಮೇಲ್ ಇದೆ, ಫೈರ್‌ಫಾಕ್ಸ್ ರಿಲೇ ಇದೆ. ಬೇಡವಾದಾಗ ಆ ವಿಳಾಸವನ್ನೇ ಮುಚ್ಚಿಬಿಡಬಹುದು.

ತುಂಗಾತೀರ ಅವರಿಗೆ ಒಂದು ಪ್ರಶ್ನೆ. ನಿಮ್ಮ ಸಂಘದ ಸ್ಮರಣ ಸಂಚಿಕೆ ಪಿಡಿಎಫ್ ಆಗಿ ವೆಬ್‌ಸೈಟಿನಲ್ಲಿದೆಯಾ? ಸದಸ್ಯರ ವಿಳಾಸಪಟ್ಟಿ ಸಮೇತ? ಇಲ್ಲಿನ ಒಂದು ಕನ್ನಡ ಸಂಘದ ಸಂಚಿಕೆ ಹಾಗೇ ಬಯಲಲ್ಲಿತ್ತು. ಕೊನೆಯ ಪುಟಗಳಲ್ಲಿ ಹೆಸರು, ಊರು, ಇಮೇಲ್ ಅಂದವಾಗಿ ಸಾಲಾಗಿ ಜೋಡಿಸಿಟ್ಟಿದ್ದರು. ವಿಳಾಸ ಹೆಕ್ಕೋ ಪ್ರೋಗ್ರಾಂಗಳಿಗೆ ಅದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ. ನಾವು ಹಟ ಹಿಡಿದು ಆ ಪುಟಗಳನ್ನು ತೆಗೆಸಿದೆವು.

ಸರ್ವರ್‌ಮನೆ:
ಅದಕ್ಕಿಂತ ಮುಖ್ಯ ಪ್ರಶ್ನೆ: ನೋಟಿಸು ಹೇಗೆ ಕಳಿಸ್ತೀರಿ? ಎಲ್ಲರ ವಿಳಾಸ "ಟು"ನಲ್ಲಾ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಬಿಸಿಸಿಯಲ್ಲಾ?

ತುಂಗಾತೀರ:
ಸಂಚಿಕೆ ಇದೆ, ವಿಳಾಸಪಟ್ಟಿಯೂ ಇದೆ. ಇವತ್ತೇ ಸೈಟ್ ನೋಡಿಕೊಳ್ಳೋ ಹುಡುಗನಿಗೆ ಹೇಳ್ತೇನೆ.

ನೋಟಿಸು "ಟು"ನಲ್ಲೇ ಹೋಗುತ್ತದೆ. ಸಂಘ ಶುರುವಾದಾಗಿನಿಂದ ಹಾಗೇ ನಡೆದು ಬಂದಿದೆ. ಯಾರ್ಯಾರಿಗೆ ಹೋಗಿದೆ ಅಂತ ಎಲ್ಲರಿಗೂ ಕಾಣಬೇಕು, ಮುಚ್ಚುಮರೆ ಇರಬಾರದು ಅನ್ನೋದು ಹಿರಿಯರ ವಾದ. ಅದರಲ್ಲೂ ಒಂದು ಅರ್ಥ ಇದೆ ಅಲ್ವಾ?

ಸರ್ವರ್‌ಮನೆ:
ಅರ್ಥ ಇದೆ. ಆದರೆ ಹಾಗೆ ಕಳಿಸಿದರೆ ಮುನ್ನೂರು ಜನರ ವಿಳಾಸ ಮುನ್ನೂರು ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅದರಲ್ಲಿ ಒಂದಕ್ಕೆ ವೈರಸ್ ಬಂದರೂ ಎಲ್ಲರ ವಿಳಾಸವೂ ಹೋಯಿತು. ಎಮೊಟೆಟ್ ಅನ್ನೋ ಮಾಲ್‌ವೇರ್ ಇದನ್ನೇ ಮಾಡುತ್ತಿತ್ತು. ಹಳೆಯ ಮೇಲ್‌ಗಳನ್ನು ಕದ್ದು, ನೀವು ಹಿಂದೆ ಬರೆದ ಕಾಗದಕ್ಕೆ ಉತ್ತರದ ಥರ, ಗೊತ್ತಿರೋರ ಹೆಸರಿನಲ್ಲೇ ವೈರಸ್ ಕಳಿಸುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ವಶಕ್ಕೆ ತಗೊಂಡರು. ಆದರೆ ಅದೇ ವರ್ಷದ ಕೊನೆಗೆ ಮತ್ತೆ ತಲೆ ಎತ್ತಿತು.

ಸ್ಪ್ಯಾಮ್‌ನ ದೊಡ್ಡ ಪಾಲು ಹೋಗಿದ್ದು ಹೀಗೆ ವೈರಸ್ ಹಿಡಿದ ಮನೆಮನೆ ಕಂಪ್ಯೂಟರುಗಳಿಂದಲೇ. 2008ರ ನವೆಂಬರ್‌ನಲ್ಲಿ ಅಮೆರಿಕದ ಮೆಕ್‌ಕೋಲೋ ಅನ್ನೋ ಒಂದು ಹೋಸ್ಟಿಂಗ್ ಕಂಪನಿಯ (ಬೇರೆಯವರ ಸರ್ವರ್‌ಗೆ ಜಾಗ ಕೊಡೋ ಕಂಪನಿ) ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಆ ಕಂಪ್ಯೂಟರುಗಳಿಗೆ ಅಪ್ಪಣೆ ಕೊಡೋ ಸರ್ವರುಗಳು ಅಲ್ಲಿದ್ದವು. ಕೆಲವೇ ತಿಂಗಳಲ್ಲಿ ಸ್ಪ್ಯಾಮ್ ಮತ್ತೆ ಏರಿತು, ಯಾಕಂದ್ರೆ ವೈರಸ್ ಹಿಡಿದ ಕಂಪ್ಯೂಟರುಗಳು ಹಾಗೇ ಇದ್ದವು. ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನವರ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಬಾಟ್ ತೆಗೆಯೋ ಟೂಲ್ ಉಚಿತವಾಗಿ ಸಿಗುತ್ತವೆ. ಹಳೇ ಲ್ಯಾಪ್‌ಟಾಪ್ ಇರೋ ಸದಸ್ಯರಿಗೆ ಅದನ್ನು ತಿಳಿಸಿ.

ಕಡಲತಡಿ:
ಹಾಗಾದರೆ ಬಿಸಿಸಿ ಹಾಕಿದರೆ ಮುಗೀತಾ?

ಸರ್ವರ್‌ಮನೆ:
ಮುಗಿಯಲ್ಲ. ಸಾಮಾನ್ಯ ಜಿಮೇಲ್‌ನಿಂದ ಒಂದು ಮೇಲ್ 500 ಜನರ ತನಕ ಹೋಗುತ್ತದೆ, ಆದರೆ ಮುನ್ನೂರು ಬಿಸಿಸಿ ಹಾಕಿದ ಮೇಲ್ ಮೇಲೆ ಫಿಲ್ಟರಿಗೆ ಅನುಮಾನ ಜಾಸ್ತಿ. ಗೂಗಲ್ ಗ್ರೂಪ್ (ಒಂದೇ ವಿಳಾಸಕ್ಕೆ ಬರೆದರೆ ಪಟ್ಟಿಯ ಎಲ್ಲರಿಗೂ ಹೋಗೋ ಸೇವೆ) ಒಂದನ್ನು ಮಾಡಿ. ಸದಸ್ಯರ ಪಟ್ಟಿ ಬಯಲಿಗೆ ಬರದ ಹಾಗೆ, ನೀವು ಮಾತ್ರ ಬರೆಯೋ ಹಾಗೆ ಇಡಬಹುದು. ಬೇಡವಾದವರು ತಾವೇ ಹೊರಬರಬಹುದು. ಇದು ಮುಖ್ಯ. ಹೊರಬರೋ ದಾರಿ ಕಾಣದಿದ್ದರೆ ಜನ ಬೇಜಾರಾಗಿ ಸ್ಪ್ಯಾಮ್ ಬಟನ್ನೇ ಒತ್ತುತ್ತಾರೆ. ನಿಮ್ಮ ನೋಟಿಸು ಸ್ಪ್ಯಾಮಿಗೆ ಬೀಳೋದಕ್ಕೆ ಅದೂ ಒಂದು ಕಾರಣ ಇರಬಹುದು. ಯಾರಿಗೆಲ್ಲ ಹೋಗಿದೆ ಅಂತ ಹಿರಿಯರಿಗೆ ತೋರಿಸಬೇಕಾದರೆ ಹೆಸರುಗಳ ಪಟ್ಟಿ ಸಾಕು, ಇಮೇಲ್ ವಿಳಾಸ ಬೇಡ.

ನಿವೃತ್ತ ಬ್ಯಾಂಕಿಗ:
ಹೆಸರುಗಳ ಪಟ್ಟಿ ಅಂದರೆ ಹಿರಿಯರು ಒಪ್ಪುತ್ತಾರೆ. ನಮ್ಮ ಪಿಂಚಣಿದಾರರ ಸಂಘದಲ್ಲೂ ಇದೇ ಜಗಳ ಆಗಿತ್ತು, ಹೀಗೇ ಬಗೆಹರಿಯಿತು.

ಹೂವಿನಹಡಗಲಿ:
ಹಬ್ಬದ ಶುಭಾಶಯಕ್ಕೆ ರಿಪ್ಲೈ ಆಲ್ ಮಾಡೋರಿಗೂ ಒಂದು ಸಾಲು ಬರೀರಿ ದಯವಿಟ್ಟು. "ಹತ್ತು ಜನಕ್ಕೆ ಕಳಿಸಿದರೆ ಒಳ್ಳೆಯದಾಗುತ್ತೆ" ಅನ್ನೋ ಮೇಲ್ ಫಾರ್ವರ್ಡ್ ಮಾಡೋರಿಗೂ. ಅದರ ಕೆಳಗೆ ಹತ್ತು ಸಲ ಫಾರ್ವರ್ಡ್ ಆದವರ ವಿಳಾಸವೆಲ್ಲ ಹಾಗೇ ಇರುತ್ತೆ. ಕಳಿಸಲೇಬೇಕು ಅನಿಸಿದರೆ ಮೊದಲು ಅದನ್ನು ಅಳಿಸಲಿ.

ಮೈಸೂರ್‌ಪಾಕ್:
ಚಿತ್ರ ತಾನಾಗೇ ತೆರೆಯೋದನ್ನೂ ನಿಲ್ಲಿಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟಿರ್ತಾರೆ, ಮೇಲ್ ತೆರೆದರೆ ಅವರಿಗೆ ಗೊತ್ತಾಗುತ್ತೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ "ಹೊರಗಿನ ಚಿತ್ರ ತೋರಿಸೋ ಮೊದಲು ಕೇಳು" ಅಂತ ಆಯ್ಕೆ ಇದೆ.

ತುಂಗಾತೀರ:
ತುಂಬಾ ಉಪಯೋಗ ಆಯಿತು. ಗೂಗಲ್ ಗ್ರೂಪ್ ಮಾಡ್ತೇನೆ. ಒಂದು ಕೊನೆಯ ಪ್ರಶ್ನೆ. ನಮ್ಮ ಪಟ್ಟಿಯಲ್ಲಿ ಹತ್ತಾರು ವಿಳಾಸಕ್ಕೆ ಕಳಿಸಿದರೆ ಪ್ರತಿ ಸಲ ವಾಪಸ್ ಬರುತ್ತದೆ. ಹಳೆಯ ಕಂಪನಿಯ ವಿಳಾಸ, ಮುಚ್ಚಿಹೋದ ಸೇವೆಗಳ ವಿಳಾಸ. ಸದಸ್ಯರ ದಾಖಲೆ ಅಂತ ಹಾಗೇ ಇಟ್ಟಿದ್ದೇವೆ. ಅವನ್ನೂ ಗ್ರೂಪಿಗೆ ಹಾಕಲಾ?

ಸರ್ವರ್‌ಮನೆ:
ಖಂಡಿತ ಬೇಡ. ದಾಖಲೆ ಪುಸ್ತಕದಲ್ಲಿ ಇರಲಿ. ಸತ್ತ ವಿಳಾಸಕ್ಕೆ ಪದೇಪದೇ ಕಳಿಸೋರನ್ನು ಫಿಲ್ಟರ್‌ಗಳು ಸ್ಪ್ಯಾಮರ್ ಅಂತಲೇ ನೋಡುತ್ತವೆ. ಬಿಟ್ಟುಹೋದ ಕೆಲವು ಹಳೆ ವಿಳಾಸಗಳನ್ನು ಸ್ಪ್ಯಾಮ್ ಹಿಡಿಯೋಕೆ ಬಲೆಯಾಗಿ ಬಳಸೋರೂ ಇದ್ದಾರೆ. ಎರಡು ಸಲ ವಾಪಸ್ ಬಂದರೆ ತೆಗೆದುಹಾಕಿ, ಆ ಸದಸ್ಯರಿಗೆ ಫೋನ್ ಮಾಡಿ ಹೊಸದು ಕೇಳಿ. ಇನ್ನೊಂದು: ನೋಟಿಸನ್ನು ಪಿಡಿಎಫ್ ಮಾಡಿ ಬರೀ ಅಟ್ಯಾಚ್ ಮಾಡಬೇಡಿ. ವಿಷಯವನ್ನು ಮೇಲ್‌ನಲ್ಲೇ ಟೈಪ್ ಮಾಡಿ.

ವಕೀಲ_ಧಾರವಾಡ:
ಬೈಲಾದಲ್ಲಿ ನೋಟಿಸಿನ ಬಗ್ಗೆ ಏನು ಬರೆದಿದೆ ಅಂತ ಒಮ್ಮೆ ನೋಡ್ರಿ. ಇಮೇಲ್ ವಾಪಸ್ ಬಂದವರಿಗೆ ಅಂಚೆಯಲ್ಲಿ ಕಳಿಸಬೇಕಾಗಬಹುದು.

ಬಿಸಿಬೇಳೆ:
ಆ ಒಂದು ಪುಟ ರೆಡಿ ಆದರೆ ಇಲ್ಲೂ ಹಾಕಿ ಸಾರ್. ನಮ್ಮ ಅಪಾರ್ಟ್‌ಮೆಂಟ್ ಸಂಘದವರೂ "ಟು"ನಲ್ಲೇ ಕಳಿಸ್ತಾರೆ.

ಅಂಗಡಿಕಾರ_ಅರಸೀಕೆರೆ:
ನನಗೂ ಬೇಕು. ಪ್ರಿಂಟ್ ತೆಗೆದು ಅಂಗಡಿ ಬಾಗಿಲಿಗೆ ಅಂಟಿಸ್ತೀನಿ. ಅಕ್ಷರ ಸ್ವಲ್ಪ ದೊಡ್ಡದಿರಲಿ.